ನಾಲೆ ಏರಿಯ ಮೇಲಿನ ನಾಲ್ಕು ಕಡ್ಡಿ

ಬೆಳಗ್ಗೆ ಐದೂವರೆಗೆ ಎದ್ದು ನಲ್ಲಿ ನೀರು ಹಿಡಿದೆ. ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆದೆ. ಹಾಲು ಕಾಸಿದೆ. ಊರಂಚಿನ ಕರೂರಿನ ಕಾರ್ಖಾನೆಗೆ ಹೋಗುವ ಯಜಮಾನರ ಡಬ್ಬಿಗೆ ಚಪಾತಿ, ಬದನೆಕಾಯಿ ಪಲ್ಯ ಹಾಕಿದೆ. ಒಣಗಿದ ಬಟ್ಟೆ ಮಡಚಿಟ್ಟೆ. ಒಂಬತ್ತೂವರೆಗೆ ದಾವಣಗೆರೆಯ ದೇವರಾಜ ಅರಸು ಬಡಾವಣೆಯ ಮನೆಗೆ ಬೀಗ ಹಾಕಿ, ದಿನಚರಿ ಪುಸ್ತಕವನ್ನು ಚೀಲಕ್ಕೆ ಸೇರಿಸಿ, ಹರಿಹರದ ಬಸ್ಸು ಹತ್ತಿದೆ.

ಸರ್ಕಾರಿ ಬಸ್ಸು, ಹೆಂಗಸರಿಗೆ ಸೊನ್ನೆ ಟಿಕೆಟ್. ಅರ್ಧ ಗಂಟೆಯ ದಾರಿ. ಹರಿಹರದ ನಿಲ್ದಾಣದಲ್ಲಿ ತಂಗಿ ಶೈಲಾ ಕಾಯುತ್ತಿದ್ದಳು. ಅವಳದು ಮಲೆಬೆನ್ನೂರಿನಿಂದಾಚೆಯ ಚಿಕ್ಕ ಹಳ್ಳಿ. ಅಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದಾಳೆ. ಪಹಣಿ ತೆಗೆದುಕೊಡುತ್ತಾಳೆ, ಅರ್ಜಿ ತುಂಬುತ್ತಾಳೆ. ಊರೊಳಗೆ ನೆಟ್‌ವರ್ಕ್ ಇಲ್ಲದ್ದರಿಂದ ಅರ್ಜಿ ಕಳಿಸಬೇಕಾದಾಗೆಲ್ಲ ಲ್ಯಾಪ್‌ಟಾಪ್ ಹೊತ್ತು, ಗಿರಾಕಿಗಳನ್ನು ಹಿಂದಿಟ್ಟುಕೊಂಡು ಭದ್ರಾ ನಾಲೆಯ ಏರಿ ಹತ್ತಬೇಕು.

ಈಗ ಒಂದು ಕಂಪನಿ ತಂತಿಯಿಲ್ಲದ ಬ್ರಾಡ್‌ಬ್ಯಾಂಡ್ ತರುತ್ತಿದೆ. ಮಾಳಿಗೆಯ ಮೇಲೆ ಎತ್ತರದ ಕಂಬ ನೆಟ್ಟು ಒಂದು ಪೆಟ್ಟಿಗೆ ಕೂರಿಸಿದರೆ ಅದು ಮಲೆಬೆನ್ನೂರಿನ ಟವರಿನಿಂದ ನೆಟ್ ಎಳೆದು ಮನೆಮನೆಗೆ ಹಂಚುತ್ತದೆ. ಹಂಚುವ ವ್ಯಾಪಾರ ಆಯಾ ಊರಿನವರದೇ. ಶೈಲಾ ಮನೆ ಮನೆ ತಿರುಗಿ ಮೂವತ್ತೆಂಟು ಹೆಸರು ಬರೆಸಿಕೊಂಡಿದ್ದಳು. ಆ ದಿನ ಹರಿಹರದಲ್ಲಿ ಕಂಪನಿಯ ಸಭೆಯಲ್ಲಿ ಊರುಗಳ ಪಟ್ಟಿ ತೀರ್ಮಾನವಾಗಲಿತ್ತು, ಜೊತೆಗೆ ಬಾ ಎಂದು ನನ್ನನ್ನು ಕರೆದಿದ್ದಳು. ಪಟ್ಟಿಯಲ್ಲಿ ಊರಿಲ್ಲದಿದ್ದರೆ ಅವಳ ಅಂಗಡಿ ಏರಿಯ ಮೇಲೇ.

ಹೋಟೆಲಿನ ಹಾಲ್‌ನಲ್ಲಿ ಮೂವತ್ತು ಜನ ಕೂತಿದ್ದೆವು. ಹೆಚ್ಚಿನವರು ಕೇಬಲ್ ಟಿವಿಯವರು. ಬಿಸ್ಕತ್ತು, ತಣ್ಣಗಾದ ಚಹಾ ಕೊಟ್ಟರು. ಕಂಪನಿಯ ಅಧಿಕಾರಿ, ಬೆಳ್ಳನೆಯ ಶರ್ಟಿನ ಚೊಕ್ಕ ಮನುಷ್ಯ, ಪರದೆಯ ಮೇಲೆ ತಾಲೂಕಿನ ನಕ್ಷೆ ತೋರಿಸಿದರು. ಸಿಗ್ನಲ್ ಇಲ್ಲದ ಕೆಂಪು ಬಣ್ಣದ ಊರುಗಳಲ್ಲಿ ವ್ಯಾಪಾರ ಇದೆಯಂತೆ. ಹಸಿರು ಊರುಗಳಲ್ಲಿ ಮೊಬೈಲಿಗೇ ಚೆನ್ನಾಗಿ ನೆಟ್ ಬರುವುದರಿಂದ ಯಾರೂ ಮನೆಗೆ ಕೊಳ್ಳುವುದಿಲ್ಲವಂತೆ, ಅವು ಪಟ್ಟಿಯಲ್ಲಿಲ್ಲ. ಶೈಲಾಳ ಊರು ಹಚ್ಚ ಹಸಿರಾಗಿತ್ತು.

ಅವಳು ಎದ್ದು ನಿಂತಳು. "ಸರ್, ನಮ್ಮೂರಾಗ ಫೋನೇ ಹತ್ತಲ್ಲ."

"ಮೇಡಂ, ನಮ್ಮ ಸರ್ವೇಯರ್ ಖುದ್ದು ಬಂದು ಅಳತೆ ಮಾಡಿದ್ದಾರೆ. ಸಿಗ್ನಲ್ ಎಕ್ಸಲೆಂಟ್ ಅಂತ ರಿಪೋರ್ಟ್ ಇದೆ."

ಹಿಂದಿನ ಸಾಲಿನಿಂದ ಒಬ್ಬ ಕೇಬಲ್‌ನವನು, "ಅಕ್ಕಾರೆ, ಅಷ್ಟು ಚಲೋ ಐತಂದ್ರೆ ನಾವೇ ಬಂದು ನಿಮ್ಮೂರಾಗ ಮನಿ ಮಾಡ್ತೀವಿ ತಗೀರಿ" ಎಂದ. ಎಲ್ಲರೂ ನಕ್ಕರು. ಶೈಲಾ ಕೂತುಬಿಟ್ಟಳು. ನನಗೆ ಮೈ ಉರಿಯಿತು. ಇಪ್ಪತ್ತು ಸಲ ಒತ್ತಿದರೂ ಹತ್ತದ ಫೋನನ್ನು ಕಿವಿಗೊತ್ತಿಕೊಂಡು ಬದುಕುವವಳಿಗೆ, ನಿನ್ನ ಊರು ಚೆನ್ನಾಗಿದೆ ಎಂದು ಹೇಳಲು ಇವರು ಬಿಸ್ಕತ್ತು ಕೊಟ್ಟು ಕರೆಸಬೇಕೇ?

"ಆಕ್ಷೇಪ ಇದ್ದರೆ ಇವತ್ತು ಸಂಜೆ ಐದರೊಳಗೆ ನಮ್ಮ ಆ್ಯಪ್‌ನಲ್ಲಿ ಹಾಕಿ," ಎಂದರು ಅಧಿಕಾರಿ. ಐದರವರೆಗೆ ಅವರು ಅಲ್ಲೇ ಇರುತ್ತಾರೆಂದು ಕೇಳಿ ತಿಳಿದುಕೊಂಡೆ.

ಊಟ ಮಾಡಲಿಲ್ಲ. ಬಾಳೆಹಣ್ಣು ತಿನ್ನುತ್ತ ಮಲೆಬೆನ್ನೂರಿನ ಖಾಸಗಿ ಬಸ್ಸಿನಲ್ಲಿ ನಿಂತೇ ಹೋದೆವು. ಬಿಸಿಲು ಜೋರಿತ್ತು. ಎರಡೂ ಕಡೆ ಭತ್ತದ ಗದ್ದೆ. ಮುಂದೆ ಟ್ರ್ಯಾಕ್ಟರ್ ಸಿಕ್ಕಾಗಲೆಲ್ಲ ಬಸ್ಸು ಎತ್ತಿನ ಗಾಡಿಯಾಯಿತು. ಮಲೆಬೆನ್ನೂರಿನಿಂದ ಹಳ್ಳಿಗೆ ಆಟೋ, ತಲೆಗೆ ಇಪ್ಪತ್ತು ರೂಪಾಯಿ.

ಮನೆ ಕಟ್ಟೆಯ ಮೇಲೆ ಶೈಲಾಳ ಮಾವ ಹಾಲಪ್ಪನವರು ಕೂತಿದ್ದರು. ಸರ್ವೇಯರ್ ಬಂದಿದ್ದನೇ ಎಂದು ಕೇಳಿದ್ದೇ ತಡ, ಅವರ ಮುಖ ಅರಳಿತು.

"ಬಂದಿದ್ದಪ್ಪಾ ಬಂದಿದ್ದ! ನಾನೇ ಕರ್ಕಂಡು ಹೋದೆ. ದೂರದಿಂದ ಬಂದಾನ, ಬಿಸಿಲು ಬ್ಯಾರೆ. ಊರೊಳಗೆ ಕೂಡ್ಸಿದ್ರೆ ಅವನ ಫೋನು ನಡಿಯಲ್ಲ, ಪಾಪ ಮನೇರ ಜೊತೆ ಮಾತಾಡಬೇಕಲ್ಲ ಅಂತ ಏರಿ ಮ್ಯಾಲೆ ಕುರ್ಚಿ ಹಾಕ್ಸಿದೆ. ಚಾ, ಮಿರ್ಚಿ ಬಜ್ಜಿ ತರಿಸಿದೆ. ಅಲ್ಲೇ ಕುಂತು ಮಿಷನ್ ಒತ್ತಿ, 'ಭಾಳ ಚಲೋ ಐತ್ರಿ ಯಜಮಾನ್ರೆ' ಅಂದು ಹೋದ."

ಶೈಲಾ ಹಣೆ ಹಿಡಿದುಕೊಂಡಳು. "ಮಾವ, ನಮ್ಮ ಹೊಟ್ಟಿ ಮ್ಯಾಲೆ ಕುರ್ಚಿ ಹಾಕ್ಸಿದ್ರಲ್ಲ!"

ಬಂದವರಿಗೆ ಇದ್ದುದರಲ್ಲಿ ಒಳ್ಳೆಯ ಜಾಗ ಕೊಡುವುದು ನಮ್ಮ ಕಡೆಯ ರೂಢಿ. ಆ ಊರಿನಲ್ಲಿ ಒಳ್ಳೆಯ ಜಾಗ ಎಂದರೆ ಸಿಗ್ನಲ್ ಇರುವ ಜಾಗ. ಹಾಲಪ್ಪನವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಮಿರ್ಚಿ ತಿಂದು, ಕೈ ಒರೆಸಿಕೊಂಡು, ಇನ್ನೂರು ಹೆಜ್ಜೆ ಇಳಿದು ಊರೊಳಗೆ ಹೋಗದವನ ಮೇಲೆ ಬಂತು. ಅಲ್ಲಿ ಇಷ್ಟು ಜನ ಯಾಕೆ ಫೋನು ಹಿಡಿದು ನಿಂತಿದ್ದಾರೆ ಎಂದು ಒಬ್ಬರನ್ನಾದರೂ ಕೇಳಬಾರದಿತ್ತೇ?

ಅಂಗಡಿಯಲ್ಲಿ ಕೂತು ಆ್ಯಪ್ ತೆರೆದರೆ ಚಕ್ರ ತಿರುಗುತ್ತಲೇ ಇತ್ತು. ಬೇರೆ ದಾರಿಯಿಲ್ಲದೆ ಏರಿ ಹತ್ತಿದೆವು. ರೇಷನ್ ಅಂಗಡಿಯವನು ಹೆಬ್ಬೆಟ್ಟಿನ ಯಂತ್ರ ತಂದು ಜಾಲಿ ಮರದ ಕೆಳಗೆ ಕೂತಿದ್ದ. ಮುಂದೆ ಚೀಲ ಹಿಡಿದವರ ಸಾಲು. ಇಲ್ಲಿ ಬೆರಳೊತ್ತಿ, ಕೆಳಗೆ ಹೋಗಿ ಅಕ್ಕಿ ತರಬೇಕು. ಅಲ್ಲಿ ಆ್ಯಪ್ ತಟ್ಟನೆ ತೆರೆಯಿತು. ತೆರೆದ ಕೂಡಲೇ ತಾನೇ ಸಿಗ್ನಲ್ ಅಳೆಯಿತು. "ನಿಮ್ಮ ಊರಿನಲ್ಲಿ ಸಿಗ್ನಲ್ ಉತ್ತಮವಾಗಿದೆ. ಆಕ್ಷೇಪದ ಅಗತ್ಯವಿಲ್ಲ" ಎಂದು ತೋರಿಸಿ ಮುಚ್ಚಿಕೊಂಡಿತು. ಮೂರು ಸಲ ಮಾಡಿದೆವು. ಮೂರು ಸಲವೂ ಅದೇ ಉತ್ತರ.

"ಅಕ್ಕ, ಮುಗೀತು ಬಿಡು," ಎಂದಳು ಶೈಲಾ. ಅವಳ ದನಿ ಕೇಳಿ ನನಗೆ ಹಟ ಬಂತು. ದಿನಚರಿ ಪುಸ್ತಕ ತೆಗೆದೆ. ಏರಿಯಿಂದ ಅಂಗಡಿಯವರೆಗೆ ಇಬ್ಬರೂ ಫೋನು ಮುಂದೆ ಹಿಡಿದು ನಡೆದೆವು. ಏರಿ ಮೇಲೆ ಸಿಗ್ನಲ್ಲಿನ ನಾಲ್ಕು ಕಡ್ಡಿ. ಆಂಜನೇಯನ ಗುಡಿ ಹತ್ತಿರ ಎರಡು. ಹಾಲಿನ ಡೈರಿ ಮುಂದೆ ಒಂದು, ಅದೂ ಬಂದು ಹೋಗುವಂಥದ್ದು. ಶಾಲೆಯಿಂದ ಈಚೆಗೆ ಏನೂ ಇಲ್ಲ. ಎಲ್ಲವನ್ನೂ ಹೆಜ್ಜೆ ಎಣಿಸಿ ಬರೆದೆ. ರೇಷನ್ ಸಾಲಿನಿಂದ ಅಕ್ಕಿಗೆ ಕೆಳಗಿಳಿದವರೆಲ್ಲ ಅದರಡಿ ಸಹಿ ಹಾಕಿದರು. ಮೊದಲ ಸಹಿ ಹಾಲಪ್ಪನವರದು. "ಕುರ್ಚಿ ಹಾಕ್ಸಿದೋನು ನಾನು ಅಂತಾನೂ ಬರಿಯವ್ವಾ, ನನಗೇನು ನಾಚಿಗಿಲ್ಲ" ಎಂದರು. ಬರೆದೆ.

ಹರಿಹರದ ಹಾಲ್ ತಲುಪಿದಾಗ ಐದಕ್ಕೆ ಹತ್ತು ನಿಮಿಷ. ಅಧಿಕಾರಿ ಪರದೆ ಸುತ್ತುತ್ತಿದ್ದರು. ನಾನು ಚಾಚಿದ ದಿನಚರಿಯ ಹಾಳೆಗಳನ್ನು ಮುಟ್ಟಲೂ ಇಲ್ಲ.

"ಕಾಗದ ತಗೊಳ್ಳೋ ಹಾಗಿಲ್ಲ ಮೇಡಂ. ಆ್ಯಪ್‌ನಲ್ಲೇ ಬರಬೇಕು."

"ನಿಮ್ಮ ಆ್ಯಪು ಏರಿ ಮ್ಯಾಲೈತ್ರಿ. ಊರು ಕೆಳಗೈತಿ," ಎಂದೆ. "ಇವಳ ಮಾವ ಈಗ ಮನೆಯಾಗ ಅದಾರ. ಒಂದು ಫೋನ್ ಹಚ್ಚಿ ಕೇಳ್ರಿ. ಸಿಕ್ಕರೆ ನಾವು ಸುಮ್ಮನೆ ಹೋಗ್ತೀವಿ."

ನಮ್ಮನ್ನು ಸಾಗಹಾಕಲೆಂದೇ ಇರಬೇಕು, ಹಚ್ಚಿದರು. ಸ್ಪೀಕರ್ ಹಾಕಲು ಹೇಳಿದೆ. ವ್ಯಾಪ್ತಿ ಪ್ರದೇಶದಲ್ಲಿಲ್ಲ ಎಂದಿತು ಹೆಂಗಸಿನ ದನಿ. ಶೈಲಾ ತನ್ನ ಮೂವತ್ತೆಂಟು ಹೆಸರಿನ ಪಟ್ಟಿ ಮುಂದಿಟ್ಟಳು. ಎರಡನೆಯ ನಂಬರಿಗೂ ಅದೇ ದನಿ, ಮೂರನೆಯದಕ್ಕೂ ಅದೇ. ಐದನೆಯದಕ್ಕೆ ಅಧಿಕಾರಿ ಸ್ಪೀಕರ್ ಆರಿಸಿದರು. ಲ್ಯಾಪ್‌ಟಾಪ್ ಮತ್ತೆ ತೆರೆದು ಊರಿನ ಬಣ್ಣವನ್ನು ಹಳದಿ ಮಾಡಿದರು. ಹಳದಿ ಎಂದರೆ ಮರು ಅಳತೆ. ಊರಿನ ಪಕ್ಕದಲ್ಲಿ ಶೈಲಾಳ ಹೆಸರು ಬರೆಸಿಯೇ ನಾನು ಕದಲಿದ್ದು. ಊರವರೆಲ್ಲ ಸಹಿ ಹಾಕಿದ ಕಾಗದ ನಂಬದವರು ಯಂತ್ರದೊಳಗಿನ ಹೆಂಗಸು ಹೇಳಿದ್ದನ್ನು ನಂಬಿದರು. ಅದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ.

"ಸೋಮವಾರ ನಾನೇ ಬರ್ತೀನಿ. ಹೊರಡೋ ಮುಂಚೆ ನಿಮಗೆ ಫೋನ್ ಮಾಡ್ತೀನಿ," ಎಂದರು.

ಶೈಲಾ ಅವರ ಮುಖವನ್ನೇ ನೋಡಿದಳು. "ಯಾವ ನಂಬರಿಗ್ರಿ ಸರ್?"

ಅವಳು ಮಲೆಬೆನ್ನೂರಿನ ಬಸ್ಸು ಹತ್ತಿದಳು, ನಾನು ದಾವಣಗೆರೆಯದು. ಕಿಟಕಿಯಿಂದ ತಿರುಗಿ ನೋಡಿದಾಗ ಅವಳು ಹೆಸರಿನ ಪಟ್ಟಿಯನ್ನು ಮಡಚಿ ರವಿಕೆಯೊಳಗೆ ಇಟ್ಟುಕೊಳ್ಳುತ್ತಿದ್ದಳು.

ಏಳೂವರೆಗೆ ಹಾಲಪ್ಪನವರ ಫೋನ್ ಬಂತು, ಏರಿಯ ಮೇಲಿನಿಂದ. "ಸೋಮವಾರ ಬರ್ಲಿ. ಈ ಸಲ ಚಾ ಅಡಿಗೆ ಮನೆಯಾಗೇ ಕೊಡ್ತೀನಿ. ಎಷ್ಟು ಕಡ್ಡಿ ಬರ್ತಾವೋ ಅಲ್ಲೇ ಎಣಿಸ್ಲಿ!"

ಅನ್ನ, ಬೇಳೆ ಸಾರು, ಬೆಳಗಿನ ಬದನೆಕಾಯಿ ಪಲ್ಯ ಉಂಡೆವು. ಯಜಮಾನರಿಗೆ ಮೊದಲಿಂದ ಹೇಳತೊಡಗಿದೆ. ಕತೆಯಲ್ಲಿ ನಾನು ಏರಿ ಹತ್ತುವಷ್ಟರಲ್ಲಿ ಅವರು ಮಲಗಿಬಿಟ್ಟಿದ್ದರು.