ಬಾಡಿದ ಜೋಳದ ಹೊಲ

ಎಳೆಯ ಜೋಳದ ಎಲೆಯನ್ನು ಅರೆದಾಗ ಏಳುವ ಹಸಿ ವಾಸನೆ ಮೊದಲು ಸಿಹಿಯಾಗಿ ಬಂದು, ಆಮೇಲೆ ಗಂಟಲಲ್ಲಿ ಸಣ್ಣ ಕಹಿಯಾಗಿ ನಿಲ್ಲುತ್ತದೆ. ಗದ್ವಾಲದ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವ ನನಗೆ ವರ್ಷಕ್ಕೊಮ್ಮೆ ಆ ವಾಸನೆ ತಪ್ಪಿದ್ದಲ್ಲ. ಪದವಿಯ ಕೊನೆಯ ವರ್ಷದ ವಿದ್ಯಾರ್ಥಿಗಳು ಅರೆದ ಎಲೆಯನ್ನು ಗಾಜಿನ ನಳಿಕೆಗೆ ಹಾಕಿ, ಒಳಗೆ ಹಳದಿ ಕಾಗದದ ಪಟ್ಟಿ ಇಳಿಬಿಟ್ಟು, ಬಿರಡೆ ಹಾಕಿ ಕಾಯುತ್ತಾರೆ. ಎಲೆಯಲ್ಲಿ ವಿಷವಿದ್ದರೆ ಹಳದಿ ನಿಧಾನವಾಗಿ ಇಟ್ಟಿಗೆಯ ಕೆಂಪಿಗೆ ತಿರುಗುತ್ತದೆ. ಅವರೆಲ್ಲ ಪಟ್ಟಿಯನ್ನೇ ನೋಡುತ್ತಿರುವಾಗ ನಾನು ಕಿಟಕಿಯತ್ತ ಮುಖ ಮಾಡುತ್ತೇನೆ.

ಮಕ್ತಲ್ ಹತ್ತಿರದ ನಮ್ಮ ಮನೆ ಮಣ್ಣಿನ ಮಾಳಿಗೆಯದು. ಒಳಗೆ ಮನೆದೇವರು ಬೀರಪ್ಪನ ಜಗಲಿ, ಹೊರಗೆ ಕುರಿದೊಡ್ಡಿ. ಮಳೆ ಬಿದ್ದ ದಿನ ಅಡುಗೆಯ ಒಲೆಯವರೆಗೂ ತೊಯ್ದ ಉಣ್ಣೆಯ ನಾತ. ಅಪ್ಪ, ಅವ್ವ, ನಾನು, ಮತ್ತು ಅಪ್ಪನ ಅಕ್ಕ ನಿಂಗಮ್ಮತ್ತೆ. ಗಂಡ ತೀರಿದ ಮೇಲೆ ತವರಿಗೆ ಮರಳಿದ ಅತ್ತೆ ಕುರಿಗಳನ್ನು ಹೆತ್ತ ಮಕ್ಕಳಂತೆ ಕಾಯುತ್ತಿದ್ದಳು. ಬೀಳು ನೆಲದಲ್ಲಿ ನಡೆಯುತ್ತ ಯಾವುದೋ ಎಲೆ ಕಿತ್ತು ಬೆರಳಲ್ಲಿ ತಿಕ್ಕಿ ನನ್ನ ಮೂಗಿಗೆ ಹಿಡಿಯುವಳು. ಯಾವ ಸೊಪ್ಪಿಗೆ ಹಾಲು ಹೆಚ್ಚು, ಯಾವುದಕ್ಕೆ ಹೊಟ್ಟೆ ಉಬ್ಬುತ್ತದೆ, ಎಲ್ಲ ಅವಳ ನಾಲಿಗೆಯ ಮೇಲಿತ್ತು. ಓದು ಬಾರದೆಯೂ ಓದಿದವರಂತಿದ್ದ ಇಂಥವರೊಬ್ಬರು ನಿಮ್ಮ ಮನೆಯಲ್ಲೂ ಇದ್ದಿರಬೇಕು.

ನನಗಾಗ ಒಂಬತ್ತು ವರ್ಷ. ಬಿತ್ತಿದ ಮೇಲೆ ಮಳೆ ಕೈಕೊಟ್ಟು, ಮೊಣಕಾಲೆತ್ತರದ ಜೋಳ ಸುರುಟಿಕೊಂಡು ನಿಂತಿತ್ತು. ಶಾಲೆಗೆ ರಜೆಯೆಂದು ಅತ್ತೆಯ ಬೆನ್ನು ಹತ್ತಿದ್ದೆ. ಮಧ್ಯಾಹ್ನ ಅವಳು ನೀರು ತರಲು ಹೊರಟಾಗ ಹೇಳಿದಳು: “ಕುರಿ ಜ್ವಾಳದಾಗ ಹೋಗಗೊಡಬ್ಯಾಡ. ಬಾಡಿದ ಜ್ವಾಳ ಅವಕ್ಕ ಆಗಂಗಿಲ್ಲ.” ಹ್ಞೂಂ ಅಂದೆ. ಬೇಲಿಯ ಪಕ್ಕದಲ್ಲಿ ಗೀಜಗನ ಗೂಡೊಂದು ಬಿದ್ದಿತ್ತು. ಅದನ್ನು ಬಿಚ್ಚುತ್ತ ಕುಳಿತವಳು ತಲೆಯೆತ್ತಿದಾಗ ಅರ್ಧ ಮಂದೆ ಹೊಲದೊಳಗಿತ್ತು. ಹೊಡೆದು ಹೊರಗಟ್ಟುವಷ್ಟರಲ್ಲೇ ಒಂದೊಂದಾಗಿ ಕಾಲು ನಡುಗಿಸಿ ಕುಸಿದವು. ಅತ್ತೆ ಓಡಿ ಬಂದು, ಬುತ್ತಿಯಲ್ಲಿದ್ದ ಬೆಲ್ಲವನ್ನು ನೀರಿಗೆ ಕದಡಿ ಬಾಯಿಗೆ ಹೊಯ್ದಳು. ಕೆಲವು ಎದ್ದವು. ಐದು ಏಳಲಿಲ್ಲ, ಅದರಲ್ಲಿ ಎರಡು ಗಬ್ಬದವು.

ಸುದ್ದಿ ಕೇಳಿ ಬಂದ ಅಪ್ಪ ಸತ್ತ ಕುರಿಗಳ ನಡುವೆ ನಿಂತು “ಯಾರಿದ್ರಿ ಇಲ್ಲಿ?” ಎಂದ. ಅತ್ತೆ ನನ್ನ ಕಡೆ ನೋಡದೆ, “ನಾನಾ ಇದ್ದೆನಪ. ಕಣ್ಣು ಹತ್ತಿಬಿಡ್ತು,” ಎಂದಳು. ಅಪ್ಪ ಬೈಯಲಿಲ್ಲ. “ವಯಸ್ಸಾತು ನಿನಗ. ನಾಳಿಂದ ಮನ್ಯಾಗಿರು,” ಎಂದಷ್ಟೇ ಹೇಳಿ ಮಂದೆಯನ್ನು ತಾನು ಹೊಡೆದುಕೊಂಡು ಹೋದ.

ಅಂದಿನಿಂದ ಅತ್ತೆ ಪಡಸಾಲೆಯಲ್ಲಿ ಉಣ್ಣೆ ನೂಲುತ್ತ ಕೂತಳು. ಸಂಜೆ ಮಂದೆ ಬರುವ ಸದ್ದಿಗೆ ಬಾಗಿಲಿಗೆ ಬಂದು ನಿಂತು, ಕುಂಟುವ ಕುರಿಯನ್ನು ಒಂದೇ ನೋಟಕ್ಕೆ ಗುರುತಿಸಿ, ಮತ್ತೆ ನೂಲಿಗೆ ಮರಳುತ್ತಿದ್ದಳು. ನಾನು ದಿನವೂ ನಿಜ ಹೇಳಬೇಕೆಂದುಕೊಳ್ಳುತ್ತಿದ್ದೆ. ದಿನಗಳು ವರ್ಷಗಳಾದವು.

ಪದವಿಗೆ ಗದ್ವಾಲಕ್ಕೆ ಬಂದೆ. ಕಾಂಡವನ್ನು ಬ್ಲೇಡಿನಿಂದ ಉಸಿರಿನಷ್ಟು ತೆಳ್ಳಗೆ ಕೊಯ್ದು ಬಣ್ಣ ಹಾಕಿ ನೋಡುವುದು, ಹೂವನ್ನು ಬಿಡಿಸಿ ಅದರ ಕುಲ ಹೇಳುವುದು, ಅತ್ತೆ ತೋರಿಸಿದ ಗಿಡಗಳಿಗೆ ಲ್ಯಾಟಿನ್ ಹೆಸರು ಬರೆಯುವುದು ಕಲಿತೆ. ಕೊನೆಯ ವರ್ಷ ಮೇಷ್ಟ್ರು ತೆಲುಗಿನಲ್ಲಿ, ನೀರಿಲ್ಲದೆ ಬಾಡಿದ ಎಳೆ ಜೋಳದಲ್ಲಿ ಸೈನೈಡ್ ಹುಟ್ಟುವ ಬಗೆ ವಿವರಿಸಿದರು. ಪೆನ್ನು ಅಲ್ಲೇ ನಿಂತಿತು. ಆ ಶನಿವಾರವೇ ಬಸ್ಸು ಹತ್ತಿ ಊರಿಗೆ ಹೋಗಿ ಮೇಷ್ಟ್ರು ವಿವರಿಸಿದ್ದನ್ನೆಲ್ಲ ಅತ್ತೆಗೆ ಹೇಳಿದೆ. ಅವಳು ನೂಲುವುದು ನಿಲ್ಲಿಸಲಿಲ್ಲ. “ಹೆಸರೇನಾರ ಇರಲಿ, ವಿಷ ಅಂತ ಗೊತ್ತಿತ್ತಲ್ಲವ್ವ.”

“ಅಪ್ಪಗ ಈಗರೆ ಹೇಳ್ತೀನಿ.”

“ಬ್ಯಾಡ. ನೀ ಸಾಲಿ ಬಿಟ್ಟು ಅಂಜಿಕೊಂಡು ಕೂಡ್ತಿ ಅಂತ ನಾ ಅವತ್ತು ಹಂಗಂದೆ. ಓದಿದ್ಯಲ್ಲ, ಸಾಕು.”

ನಾನು ಕೆಲಸಕ್ಕೆ ಸೇರಿದ ಮೂರನೇ ವರ್ಷ ಅತ್ತೆ ತೀರಿಕೊಂಡಳು. ಅಷ್ಟರಲ್ಲಿ ಕಾಲುವೆಯ ನೀರು ಬಂದು ಬೀಳು ನೆಲವೆಲ್ಲ ಭತ್ತದ ಗದ್ದೆಯಾಗಿತ್ತು. ಮೇವಿಲ್ಲದ ಮಂದೆಯನ್ನು ಅಪ್ಪ ಮಾರಿದ್ದ. ಮಣ್ಣು ಮಾಡಿ ಬಂದ ಮೂರನೇ ದಿನ ಪಡಸಾಲೆಯಲ್ಲಿ ಕೂತು ಅಪ್ಪ, “ಆಕಿ ಕಾಯ್ದಂಗ ಕುರಿ ಯಾರೂ ಕಾಯಲಿಲ್ಲ. ಅದೊಂದಿನ ಕಣ್ಣು ಹತ್ತಿ ಮಕ್ಕಂಡಳು, ಅಷ್ಟ,” ಎಂದ. ನನಗಿನ್ನು ತಡೆಯಲಾಗಲಿಲ್ಲ. “ಅಪ್ಪ, ಅತ್ತಿ ಮಕ್ಕಂಡಿರಲಿಲ್ಲ. ಅಲ್ಲಿ ಇದ್ದಾಕಿ ನಾನು.”

ಅಪ್ಪ ನನ್ನ ಮುಖ ನೋಡಿದ. ಸಿಟ್ಟಿರಲಿಲ್ಲ. “ಒಂದ್ಮಾತು ಹೇಳಿದ್ರ,” ಎಂದ, “ಹದಿನೇಳು ವರ್ಷ ಆಕಿನ್ನ ಮನ್ಯಾಗ ಕೂಡಿಸ್ತಿದ್ದಿಲ್ಲವ್ವ ನಾನು.” ಆಮೇಲೆ ಅವಳು ಕೂರುತ್ತಿದ್ದ ಜಾಗದ ಮೇಲೆ ಅಂಗೈ ಊರಿ, ನೆಲ ಬೆಚ್ಚಗಿದೆಯೇ ಎಂದು ನೋಡುವವನಂತೆ, ಹಾಗೆಯೇ ಕೂತ.