ಕಾಮಾಕ್ಷಮ್ಮ ಮುಚ್ಚಿಟ್ಟ ಬಸಿರು

ಸ್ವಾತಂತ್ರ್ಯ ಬಂದ ಹೊಸತು, ಕೊಡಗು ತನ್ನದೇ ಪುಟ್ಟ ರಾಜ್ಯವಾಗಿದ್ದ ಕಾಲ. ನಾಪೋಕ್ಲಿನಾಚೆಯ ಕಾಫಿ ತೋಟವೊಂದರ ಕೂಲಿಯಾಳುಗಳ ಸಾಲುಮನೆಯ ಲೈನಿನಲ್ಲಿ ಕಾಮಾಕ್ಷಮ್ಮನ ಸಂಸಾರವಿತ್ತು. ಗಂಡ ಕೆಂಪಣ್ಣ ಕೊಣನೂರು ಕಡೆಯ ಒಕ್ಕಲು ಮನೆಯವನು. ಊರಿನ ಹೊಲ ಅಣ್ಣತಮ್ಮಂದಿರಿಗೆ ಸಾಲದೆ ಹೆಂಡತಿಯನ್ನೂ ತಾಯಿ ರಾಮಮ್ಮನನ್ನೂ ಕರೆದುಕೊಂಡು ತೋಟಕ್ಕೆ ಬಂದಿದ್ದ. ಅವನು ಕಾಫಿ ಗಿಡದ ರೆಂಬೆ ಕತ್ತರಿಸಿ ಕಸಿ ಮಾಡುತ್ತಿದ್ದ, ಅವಳು ಹಣ್ಣು ಕುಯ್ಯುತ್ತಿದ್ದಳು. ಇರುವುದಕ್ಕೆ ಒಂದು ಕೋಣೆ, ಅದರ ಮುಂದೆ ಚಾಪೆಯಗಲದ ಜಗಲಿ. ಮಗಳು ಸರೋಜ, ಅವಳ ಹಿಂದೆ ಸಣ್ಣಸ್ವಾಮಿ, ಇಬ್ಬರೂ ಹುಟ್ಟಿದ್ದು ಆ ಕೋಣೆಯಲ್ಲೇ.

ಸರೋಜನಿಗೆ ದಿನ ಬಿಟ್ಟು ದಿನ ಚಳಿಜ್ವರ ಬರುತ್ತಿತ್ತು. ಕಂಬಳಿ, ಅದರ ಮೇಲೆ ಗೋಣಿಚೀಲ, ಅದರ ಮೇಲೆ ಅಜ್ಜಿ ಒರಗಿದರೂ ನಡುಕ ನಿಲ್ಲುತ್ತಿರಲಿಲ್ಲ. ಜ್ವರಗಡ್ಡೆ ಬೆಳೆದು ಹೊಟ್ಟೆ ಮಡಕೆಯಂತೆ ಮುಂದೆ ಬಂದಿತ್ತು, ಕೈಕಾಲು ಕಡ್ಡಿಯಾಗಿದ್ದವು. ತೋಟದಲ್ಲಿ ಕೊಡುತ್ತಿದ್ದ ಕಹಿ ಔಷಧಿ ಕುಡಿದಾಗ ಒಂದಿಷ್ಟು ದಿನ ಬಿಡುವು, ಮತ್ತೆ ಅದೇ. ಈ ಮಗು ಇನ್ನೊಂದು ಮಳೆಗಾಲ ಇಲ್ಲಿ ಕಳೆಯುವುದು ಕಷ್ಟ, ಬಯಲು ಸೀಮೆಗೆ ಕರೆದುಕೊಂಡು ಹೋಗಿ ಎಂದು ನಾಪೋಕ್ಲಿನ ಡಾಕ್ಟರು ಹೇಳಿದ್ದರು. ಹೋಗುವುದೆಲ್ಲಿಗೆ ಎಂಬುದು ಮಾತ್ರ ಯಾರಿಗೂ ತಿಳಿದಿರಲಿಲ್ಲ.

ಯುಗಾದಿಗೆ ಊರಿಗೆ ಹೋಗಿದ್ದ ಕೆಂಪಣ್ಣ ಸುದ್ದಿ ತಂದ. ಬಯಲು ಸೀಮೆಯ ಅಂಚಿನ ಶಿರಂಗಾಲದ ಬೋಜಪ್ಪನವರು ತಮ್ಮ ಗದ್ದೆಯನ್ನು ವಾರಕ್ಕೆ, ಬೆಳೆಯಲ್ಲಿ ಪಾಲಿನ ಮೇಲೆ, ಕೊಡುತ್ತಾರೆ. ಗದ್ದೆಯ ಪಕ್ಕದಲ್ಲೇ ಹುಲ್ಲಿನ ಮನೆಯಿದೆ. ಒಂದೇ ಷರತ್ತು, ರೋಹಿಣಿ ಮಳೆಗೆ ಮೊದಲು ಸಂಸಾರ ಸಮೇತ ಬಂದಿರಬೇಕು. ಇಲ್ಲದಿದ್ದರೆ ಬೇರೆ ಒಕ್ಕಲು ಕಾದಿದ್ದಾನೆ. ಕೆಂಪಣ್ಣ ಮಾರನೆಯ ದಿನವೇ ತೋಟದ ಲೆಕ್ಕ ಬರೆಯುವ ರೈಟರಿಗೆ ಹೇಳಿ ಹೆಸರು ತೆಗೆಸಿದ. ರೈಟರು ಆ ಕೋಣೆಯನ್ನು ಇನ್ನೊಬ್ಬರಿಗೆ ಗೊತ್ತು ಮಾಡಿದರು.

ಕಾಮಾಕ್ಷಮ್ಮನಿಗೆ ಶಿವರಾತ್ರಿಯ ಹೊತ್ತಿಗೇ ಮುಟ್ಟು ನಿಂತಿತ್ತು. ಇನ್ನಷ್ಟು ದಿನ ನೋಡಿ ಹೇಳೋಣವೆಂದು ಸುಮ್ಮನಿದ್ದಳು. ಈಗ ಹೇಳುವಂತಿರಲಿಲ್ಲ. ಬಸುರಿ ಇರುವ ಮನೆಯಲ್ಲಿ ಒಲೆ ಕೀಳಬಾರದು, ಹೊಸ ಒಲೆ ಹೂಡಬಾರದು ಎಂಬುದು ಅವರಲ್ಲಿ ನಡೆದುಬಂದ ಕಟ್ಟು. ಹೊಟ್ಟೆಯಲ್ಲಿರುವುದು ನಿಲ್ಲುವುದಿಲ್ಲ ಎನ್ನುತ್ತಾರೆ. ರಾಮಮ್ಮ ಈ ವಿಷಯದಲ್ಲಿ ಎಷ್ಟು ಗಟ್ಟಿ ಎಂಬುದನ್ನು ಕಾಮಾಕ್ಷಮ್ಮ ಕಣ್ಣಾರೆ ಕಂಡಿದ್ದಳು. ಅತ್ತೆಯ ಹಿರಿಯ ಮಗ ಜವರಯ್ಯ ಮನೆ ಬದಲಿಸಲು ಹೊರಟು ಗಾಡಿಗೆ ಸಾಮಾನು ತುಂಬಿದ ಮೇಲೆ ಹಿರಿ ಸೊಸೆ ಬಸುರಿಯೆಂದು ತಿಳಿಯಿತು. ಮುದುಕಿ ಎತ್ತಿನ ಮುಂದೆ ನಿಂತು ಎಲ್ಲವನ್ನೂ ಇಳಿಸಿದ್ದಳು. ಜವರಯ್ಯ ಹೆರಿಗೆಯಾಗುವ ತನಕ ಅಲ್ಲೇ ಇದ್ದ. ಕೆಂಪಣ್ಣನೂ ತಾಯಿಯ ಮಾತು ಮೀರುವವನಲ್ಲ.

ಹೇಳಿದರೆ ಶಿರಂಗಾಲದ ಗದ್ದೆ ಹೋಗುತ್ತದೆ. ಸರೋಜ ಇಲ್ಲೇ ಇನ್ನೊಂದು ಮಳೆಗಾಲ ನಡುಗಬೇಕು. ಕಾಮಾಕ್ಷಮ್ಮ ಹೇಳದಿರಲು ತೀರ್ಮಾನಿಸಿದಳು.

ಒಂದೇ ಕೋಣೆಯ ಮನೆಯಲ್ಲಿ ಅದನ್ನು ಮುಚ್ಚಿಡುವುದು ಸುಲಭವಿರಲಿಲ್ಲ. ತಿಂಗಳ ದಿನ ಬಂದಾಗ ಅವಳು ಮುಟ್ಟಾದವಳಂತೆ ಚಾಪೆ, ತಟ್ಟೆ, ಚೊಂಬು ತೆಗೆದುಕೊಂಡು ಜಗಲಿಯಲ್ಲಿ ಕೂತಳು. ಅತ್ತೆ ದೂರದಿಂದ ಮುದ್ದೆ ಇಕ್ಕಿದಳು. ಮೂರು ದಿನ ಕಳೆದು ತಲೆಗೆ ನೀರು ಹಾಕಿಕೊಂಡು ಒಳಗೆ ಬಂದಳು. ಬೆಳಗಿನ ವಾಂತಿಯನ್ನು ತೋಟದ ದಾರಿಯಲ್ಲಿ ಗಿಡಗಳ ಮರೆಯಲ್ಲಿ ಮುಗಿಸಿಕೊಳ್ಳುತ್ತಿದ್ದಳು. ಹುಣಸೆಹಣ್ಣಿನ ಆಸೆಯಾದರೂ ಅದರ ಕರಡಿಗೆಯ ಕಡೆಗೆ ಹೋಗಲಿಲ್ಲ.

ಹೊರಡುವ ದಿನ ಹತ್ತಿರವಾದಂತೆ ಕೆಲಸ ಹೆಚ್ಚಿತು. ಒಂದು ಕೋಣೆಯಿಂದಲೂ ಇಷ್ಟೊಂದು ಸಾಮಾನು ಹೊರಡುತ್ತದೆಂದು ಯಾರೂ ಎಣಿಸಿರಲಿಲ್ಲ. ರಾಗಿ ಚೀಲ, ಬೀಸುವ ಕಲ್ಲು, ಒನಕೆ, ಮೊರ, ಗೂಡಿಲ್ಲದೆ ಮಂಚದಡಿ ಮಲಗುತ್ತಿದ್ದ ಕೋಳಿಗಳು. ಕಾಮಾಕ್ಷಮ್ಮ ಮಡಕೆಗಳಿಗೆ ಒಣಹುಲ್ಲು ಸುತ್ತಿ ಗೋಣಿಯಲ್ಲಿ ಇಡುತ್ತಿದ್ದಳು. ಸರೋಜ ಬಿಸಿಲಿನಲ್ಲಿ ಕಂಬಳಿ ಹೊದ್ದು ಕೂತು ಕೋಳಿಗಳನ್ನು ಯಾವ ಬುಟ್ಟಿಯಲ್ಲಿ ಹಾಕಬೇಕೆಂದು ಹೇಳುತ್ತಿದ್ದಳು. ಪಕ್ಕದ ಕೋಣೆಯ ಮುದ್ದಿ ಬಾಗಿಲಿಗೆ ಬಂದು ನಿಂತಳು.

"ಕಾಮಾಕ್ಷಕ್ಕ, ನಿನ್ ಗಂಡನಿಗೂ ಒಂದಿಷ್ಟು ಹುಲ್ಲು ಸುತ್ತು. ಆ ಲಾರೀಲಿ ಮಡಕೆಗಿಂತ ಮೊದ್ಲು ಅವನೇ ಒಡೆದೋದಾನು."

"ಅವನು ಒಡೆದ್ರೆ ನಿನ್ನ ಹತ್ರಾನೇ ಬಿಟ್ಟೋಗ್ತೀನಿ, ಬೆಸುಗೆ ಹಾಕ್ಕೊ" ಎಂದಳು ಕಾಮಾಕ್ಷಮ್ಮ. ಮುದ್ದಿ ನಕ್ಕು ಸಣ್ಣಸ್ವಾಮಿಯನ್ನು ಎತ್ತಿಕೊಂಡು ಹೋದಳು. ಆ ದಿನ ಪೂರ್ತಿ ಮಗುವನ್ನು ಅವಳೇ ನೋಡಿಕೊಂಡಳು.

ಕುಶಾಲನಗರದವರೆಗೆ ತೋಟದ ಲಾರಿ ಸಿಕ್ಕಿತು. ಕೆಂಪಣ್ಣ ಮೇಲೆ ನಿಂತು ಸಾಮಾನು ಜೋಡಿಸುತ್ತಿದ್ದ, ಹೆಂಗಸರು ಕೆಳಗಿನಿಂದ ಎತ್ತಿ ಕೊಡಬೇಕು. ರಾಮಮ್ಮನಿಗೆ ಸೊಂಟನೋವು. ಬೀಸುವ ಕಲ್ಲಿನ ಎರಡು ಹೋಳುಗಳನ್ನೂ ಕಾಮಾಕ್ಷಮ್ಮನೇ ಎದೆಗೆ ಅವಚಿಕೊಂಡು ಎತ್ತಿ ಕೊಟ್ಟಳು. ಬೇಡವೆನ್ನಲು ಕಾರಣವಿಲ್ಲದವಳು ಎತ್ತದೆ ಇರುವುದು ಹೇಗೆ? ಕೊನೆಗೆ ಅವಳೇ ಒಳಗೆ ಹೋಗಿ ಒಲೆಯ ಗುಂಡುಗಳನ್ನು ಕಿತ್ತು, ಬೂದಿ ಗುಡಿಸಿ, ಆ ಜಾಗಕ್ಕೆ ಸಗಣಿ ಸಾರಿಸಿದಳು. ರಾಮಮ್ಮ ಬಾಗಿಲಲ್ಲಿ ನಿಂತು ನೋಡಿದಳು.

ಮಡಿಕೇರಿ ದಾಟಿ ಇಳಿಜಾರಿನ ತಿರುವುಗಳಲ್ಲಿ ಲಾರಿ ಕುಲುಕುವಾಗ ಕಾಮಾಕ್ಷಮ್ಮನ ಸೊಂಟದಲ್ಲಿ ನೋವು ಶುರುವಾಯಿತು. ಸರೋಜ ಅವಳ ತೊಡೆಯ ಮೇಲೆ ಮಲಗಿದ್ದಳು. ಕುಶಾಲನಗರದಲ್ಲಿ ಸಾಮಾನೆಲ್ಲ ಇಳಿಸಿ ಎತ್ತಿನ ಗಾಡಿಗೆ ಏರಿಸಿದ್ದಾಯಿತು. ಶಿರಂಗಾಲ ತಲುಪಿದಾಗ ಹೊತ್ತು ಇಳಿದಿತ್ತು. ಹೊಸ ಮನೆಯಲ್ಲಿ ಒಲೆ ಹೂಡಿ ಹಾಲು ಉಕ್ಕಿಸುವುದು ಮನೆಯೊಡತಿಯ ಕೆಲಸ. ಬೋಜಪ್ಪನವರ ಮನೆಯಿಂದ ಹಾಲು ಬಂದಿತ್ತು. ಕಾಮಾಕ್ಷಮ್ಮ ಹಲ್ಲು ಕಚ್ಚಿಕೊಂಡು ಊದುಕೊಳವೆ ಊದಿದಳು. ಹಾಲು ಮೂಡಲ ದಿಕ್ಕಿಗೆ ಉಕ್ಕಿತು. ಕೆಂಪಣ್ಣ ಕೈಮುಗಿದ.

ಮಾರನೆಯ ದಿನ ಬೆಳಗ್ಗೆ ಅವನು ಮಕ್ಕಳಿಬ್ಬರಿಗೂ ಗದ್ದೆ ತೋರಿಸುತ್ತೇನೆಂದು ಮೇಲಿನ ಕಡೆ ಕರೆದುಕೊಂಡು ಹೋಗಿದ್ದಾಗ, ಕಾಮಾಕ್ಷಮ್ಮ ನೋವು ತಡೆಯಲಾರದೆ, ಹುಲ್ಲು ಕುಯ್ಯುವವಳಂತೆ ಕುಡುಗೋಲು ಹಿಡಿದು ಕೆಳಗದ್ದೆಯ ಬದುವಿಗೆ ಹೋದಳು. ಎತ್ತರದ ಹುಲ್ಲಿನ ನಡುವೆ ಬಸಿರು ಇಳಿದು ಎಲ್ಲವೂ ಮುಗಿಯಿತು. ಅಂಗೈಯಷ್ಟಿತ್ತು. ಸೆರಗಿನ ಅಂಚು ಹರಿದು ಸುತ್ತಿ, ಕುಡುಗೋಲಿನಿಂದ ಬದುವಿನಲ್ಲಿ ಗುಂಡಿ ತೋಡಿ ಮಣ್ಣು ಮುಚ್ಚಿದಳು. ಕಾಲುವೆಯಲ್ಲಿ ತೊಳೆದುಕೊಂಡು ಮನೆಗೆ ಬಂದು ಕಸ ಗುಡಿಸತೊಡಗಿದಳು.

ರಾಮಮ್ಮ ಬಂದು ಪೊರಕೆ ಕಿತ್ತುಕೊಂಡಳು. ಒಳಗೆ ಚಾಪೆ ಹಾಸಿ ಮಲಗಿಸಿದಳು. ಸೊಸೆಗೆ ದಾರಿಯ ಆಯಾಸದಿಂದ ಜ್ವರ ಬಂದಿದೆ, ಅವಳನ್ನು ಯಾರೂ ಕೂಗಬೇಡಿ ಎಂದು ಮಗನಿಗೆ ಹೇಳಿದಳು. ಸುಡುವ ನೀರು ಕಾಯಿಸಿ ಸೊಂಟಕ್ಕೆ ಹೊಯ್ದಳು, ತಲೆಗೆ ಬಟ್ಟೆ ಕಟ್ಟಿದಳು, ಬೆಳ್ಳುಳ್ಳಿ ಮೆಣಸಿನ ಸಾರು ಮಾಡಿ ಬಿಸಿ ಅನ್ನದೊಂದಿಗೆ ಉಣಿಸಿದಳು. ಬಾಣಂತಿಗೆ ಮಾಡುವುದನ್ನೆಲ್ಲ ಒಂದೂ ಬಿಡದೆ ಮಾಡಿದಳು, ಅದಕ್ಕೆ ಹೆಸರು ಮಾತ್ರ ಹೇಳಲಿಲ್ಲ. ಕೆಲವು ದಿನ ಕಳೆದ ಮೇಲೆ, ತಲೆ ಬಾಚುತ್ತಿದ್ದ ಅತ್ತೆಯನ್ನು ಕಾಮಾಕ್ಷಮ್ಮನೇ ಕೇಳಿದಳು.

"ನಿಮಗೆ ಯಾವಾಗ ಗೊತ್ತಾಯ್ತು ಅತ್ತೆ?"

"ಅಲ್ಲೇ. ನೀನು ಜಗಲೀಲಿ ಮೂರು ದಿನ ಕೂತಿದ್ದೆ, ಹೊಳೆಗೆ ಮುಟ್ಟಿನ ಬಟ್ಟೆ ಒಗೆಯೋಕೆ ಒಂದ್ಸಲಾನೂ ಹೋಗ್ಲಿಲ್ಲ."

"ಗೊತ್ತಿದ್ದೂ ತಡೀಲಿಲ್ವಲ್ಲ."

ರಾಮಮ್ಮನ ಕೈ ನಿಂತಿತು. "ಬಾಯಿ ಬಿಟ್ಟಿದ್ರೆ ತಡೀಲೇಬೇಕಾಗಿತ್ತು ಕಣವ್ವ. ಸರೋಜನ ಹೊಟ್ಟೆ ದಿನಾ ಸವರ್ತಿದ್ದೋಳು ನಾನು. ನೀನೇ ಹೇಳ್ತೀಯೇನೋ ಅಂತ ಕಾದೆ. ನೀನು ಹೇಳ್ಲಿಲ್ಲ, ನಾನು ಕೇಳ್ಲಿಲ್ಲ."

ಆಮೇಲೆ ಅತ್ತೆ ಸೊಸೆ ಆ ಮಾತು ಮತ್ತೆ ಎತ್ತಲಿಲ್ಲ. ಎಲ್ಲಿ ಹೂತೆ ಎಂದು ಮುದುಕಿ ಕೇಳಲಿಲ್ಲ.

ಆ ಮಳೆಗಾಲದಲ್ಲಿ ಸರೋಜನಿಗೆ ಚಳಿಜ್ವರ ಅಪರೂಪವಾಯಿತು. ಎರಡು ಹೊತ್ತು ಮುದ್ದೆ ಕೇಳಿ ತಿನ್ನತೊಡಗಿದಳು. ಈ ಮನೆಗೆ ಕಾಲಿಟ್ಟ ಗಳಿಗೆ ಚೆನ್ನಾಗಿತ್ತು, ಹಾಲು ಉಕ್ಕಿದಾಗಲೇ ತನಗೆ ಗೊತ್ತಾಯಿತು ಎಂದು ಕೆಂಪಣ್ಣ ಬಂದವರಿಗೆಲ್ಲ ಹೇಳುತ್ತಿದ್ದ. ಆಗೆಲ್ಲ ಹೆಂಗಸರಿಬ್ಬರೂ ತಮ್ಮ ತಮ್ಮ ಕೆಲಸ ನೋಡಿಕೊಳ್ಳುತ್ತಿದ್ದರು.

ನಾಟಿಗೆ ಮುಂಚೆ ಬದು ಕಡಿದು ಕೆಸರು ಮೆತ್ತುವುದು ವಾಡಿಕೆ. ಒಂದು ಮಧ್ಯಾಹ್ನ ಕಾಮಾಕ್ಷಮ್ಮ ಬುತ್ತಿ ಹೊತ್ತು ಹೋದಾಗ ಕೆಂಪಣ್ಣ ಕೆಳಗದ್ದೆಯಲ್ಲಿದ್ದ. ಬದು ಅಗಲವಾಯಿತು, ಅರ್ಧ ತೆಗೆದರೆ ಇನ್ನೊಂದು ಸಾಲು ಪೈರು ಹಿಡಿಯುತ್ತದೆ ಎಂದು ಗುದ್ದಲಿ ಹಾಕುತ್ತಿದ್ದ. ಅವಳು ಹೂತಿದ್ದ ಜಾಗಕ್ಕೆ ಇನ್ನು ಕೆಲವೇ ಮಾರು ಉಳಿದಿತ್ತು. ನಿಲ್ಲಿಸು ಎಂದರೆ ಯಾಕೆ ಎಂದು ಕೇಳುತ್ತಾನೆ.

"ಮುದ್ದೆ ಆರೋಗುತ್ತೆ" ಎಂದಳು.

ಅವನು ಬಂದು ಕೈ ತೊಳೆದು ಕೂತ. ಉಣ್ಣುವವರೆಗೂ ಎದುರಿಗೇ ಕೂತು ಬಡಿಸಿದಳು, ಸಾಕು ಎಂದರೂ ಇನ್ನೊಂದು ಸೌಟು ಸಾರು ಬಿಟ್ಟಳು. ಊಟ ಮುಗಿಸಿ ಅವನು ಮತ್ತೆ ಗುದ್ದಲಿ ಹಿಡಿದ. ಕಾಮಾಕ್ಷಮ್ಮ ಗದ್ದೆಗೆ ಬೆನ್ನು ಹಾಕಿ ಕಾಲುವೆಯ ದಂಡೆಯಲ್ಲಿ ಕೂತು, ಗುದ್ದಲಿಯ ಸದ್ದು ಆ ಕಡೆಯ ಮೂಲೆ ಮುಟ್ಟುವವರೆಗೂ ತೊಳೆದ ತಟ್ಟೆಯನ್ನೇ ಮತ್ತೆ ಮತ್ತೆ ತೊಳೆದಳು.