ಪ್ಯಾಕಿಂಗಿಗೆ ಮೆತ್ತಿದ ಪೇಸ್ಟು, ಕೋಟೆಗೆ ಹೋದ ದಾರಿ

ಪಿರಿಯಾಪಟ್ಟಣದಿಂದ ಬೆಳಿಗ್ಗೆ ಹೊರಟೆವು. ಎಚ್.ಡಿ. ಕೋಟೆ ಹತ್ತಿರದ ಊರಲ್ಲಿ ನನ್ನ ಸೋದರಮಾವ, ಅಂದರೆ ಅವ್ವನ ತಮ್ಮ, ತೀರಿಕೊಂಡಿದ್ದ. ಅವನ ಅಕ್ಕ ಬರಲಿ ಅಂತ ಕಾಯುತ್ತೇವೆ, ಆದರೆ ಮಣ್ಣು ಮಾಡೋದನ್ನ ಮಧ್ಯಾಹ್ನ ದಾಟಿಸೋಕಾಗಲ್ಲ ಎಂದು ಫೋನು ಬಂದಿತ್ತು. ಅವ್ವನಿಗೆ ಬೇಕಾಗಿದ್ದು ತಮ್ಮನ ಮುಖ ಒಂದು ಸಲ ನೋಡುವುದು, ಅಷ್ಟೇ. ಬಸ್ಸಿಗೆ ಹೋಗೋಣ ಎಂದೆ. ನಮ್ಮ ಯಜಮಾನರು ಕೇಳಬೇಕಲ್ಲ! ಮೊನ್ನೆ ತಾನೇ ಆಯಿಲ್ ಲೀಕು ನಾನೇ ಸರಿಮಾಡಿದ್ದೀನಿ, ಕಾರು ಇಟ್ಕೊಂಡು ಬಸ್ಸು ಯಾಕೆ ಎಂದು ಬೀಗಿದರು.

ಆ ರಿಪೇರಿಯ ಚೆಂದವನ್ನೂ ಹೇಳಿಬಿಡುತ್ತೇನೆ. ಎಂಜಿನ್ ತಳದ ಆಯಿಲ್ ಚೇಂಬರಿಗೆ ಎಣ್ಣೆ ಸೋರದಂತೆ ರಬ್ಬರ್ ಪ್ಯಾಕಿಂಗ್ ಕೂರಿಸುತ್ತಾರೆ. ಇದಕ್ಕೆ ಸಂದಿ ಮುಚ್ಚೋ ಪೇಸ್ಟ್ ಬೇಡ, ಹಾಗೇ ಕೂರಿಸಿ ಎಂದು ಅಂಗಡಿಯವನು ಹೇಳಿಯೇ ಕೊಟ್ಟಿದ್ದನಂತೆ. ಇವರದು ಹೊಗೆಸೊಪ್ಪಿನ ಕೈ. ವರ್ಷಾ ವರ್ಷ ಸೊಪ್ಪು ಬೇಯಿಸುವ ಬ್ಯಾರನ್ನಿನ ಬಿಸಿಗಾಳಿ ಕೊಳವೆಗಳ ಸಂದಿಗೆ ಕೆಸರು ಮೆತ್ತಿ ಮೆತ್ತಿ, ಮೆತ್ತಿದಷ್ಟೂ ಭದ್ರ ಅನ್ನುವುದು ತಲೆಯಲ್ಲಿ ಕೂತುಬಿಟ್ಟಿದೆ. ಪ್ಯಾಕಿಂಗಿನ ಎರಡೂ ಬದಿಗೆ ಟ್ಯೂಬ್ ಖಾಲಿಯಾಗುವ ತನಕ ಪೇಸ್ಟ್ ಬಳಿದಿದ್ದರು.

ಹುಣಸೂರಿನಲ್ಲಿ ಅವ್ವ ಒಂದು ತೊಟ್ಟು ಕಾಫಿ ಮುಟ್ಟಲಿಲ್ಲ. ಯಜಮಾನರು ಮಾತ್ರ ಇಡ್ಲಿ ವಡೆ ತಿಂದು ಬಂದರು. ಕೋಟೆ ರಸ್ತೆಗೆ ತಿರುಗಿದ ಮೇಲೆ ಆಯಿಲಿನ ಕೆಂಪು ದೀಪ ಹತ್ತಿತು. ನಿಲ್ಲಿಸಿ ಎಂದೆ. ವೈರ್ ಲೂಸಾಗಿರಬೇಕು, ನೀನು ಸುಮ್ಮನೆ ಕೂತ್ಕೋ ಎಂದರು. ಗುರುಪುರ ಬರುವ ಹೊತ್ತಿಗೆ ಎಂಜಿನ್ ಕಟಕಟ ಅಂದು, ಜೋಳದ ಹೊಲದ ಪಕ್ಕ ನಿಂತೇಹೋಯಿತು.

ಬಿಸಿಲು ಏರುತ್ತಿತ್ತು. ಬಂದ ಬಸ್ಸುಗಳೆಲ್ಲ ತುಂಬಿದ್ದವು, ಕೈ ಅಡ್ಡ ಹಾಕಿದರೂ ನಿಲ್ಲಿಸದೆ ಹೋದವು. ಅವ್ವ ಪ್ರತಿ ಬಸ್ಸಿಗೂ ಎದ್ದು ನಿಲ್ಲುತ್ತಿದ್ದಳು, ಮತ್ತೆ ಕೂರುತ್ತಿದ್ದಳು. ಅಷ್ಟರಲ್ಲಿ ಹುಣಸೂರಿನಿಂದ ಬೈಕಿನಲ್ಲಿ ಬಂದ ಮೆಕ್ಯಾನಿಕ್ ಕಾರಿನಡಿ ಮಲಗಿ ಚೇಂಬರ್ ಬಿಚ್ಚಿದ. ಎಣ್ಣೆ ಎಳೆಯುವ ಜಾಲರಿಯ ತುಂಬ ಪೇಸ್ಟು ಶಾವಿಗೆ ಥರ ಸುತ್ತಿಕೊಂಡಿತ್ತು.

"ಪ್ಯಾಕಿಂಗೇ ಒತ್ತಿ ಇಡ್ಕೊತದೆ ಕಣಣ್ಣ. ನೀವು ಬಳ್ದಿದ್ದು ಒಳೀಕೆ ನುಗ್ಗಿ ಎಣ್ಣೆ ದಾರಿನೇ ಮುಚ್ಬುಟ್ಟದೆ. ಎಂಜಿನ್ ಜಾಮ್, ಬುಡಿ" ಎಂದ.

ಹಂಗಾದ್ರೆ ಸ್ವಲ್ಪ ಕಮ್ಮಿ ಹಾಕಿದ್ರೆ ಆಗ್ತಿತ್ತಾ ಎಂದು ಕೇಳಿದರಲ್ಲ ನಮ್ಮ ಯಜಮಾನರು! ಇನ್ನೊಂದು ಟ್ಯೂಬ್ ತಂದು ಅವರ ಬಾಯಿಗೇ ಹಿಂಡಬೇಕು ಅನ್ನಿಸಿತು ನನಗೆ. ಅಂತೂ ಒಂದು ಬಸ್ಸು ನಿಂತಿತು. ಅವ್ವನಿಗೂ ನನಗೂ ಫ್ರೀ ಟಿಕೆಟ್. ಇವರು ಕಾಸು ಕೊಟ್ಟು ಹಿಂದೆ ನಿಂತುಕೊಂಡರು.

ಊರಲ್ಲಿ ಇಳಿದಾಗ ಜನ ಕೈಕಾಲು ತೊಳೆದು ಹೊಲದಿಂದ ವಾಪಸ್ ಬರುತ್ತಿದ್ದರು. ಎಷ್ಟೋ ಹೊತ್ತು ಮುಖ ಮುಚ್ಚದೆ ಕಾದೆವು ಎಂದು ಮಾವನ ಮಗ ತಲೆ ತಗ್ಗಿಸಿ ಹೇಳಿದ. ಅವ್ವ ಹಸಿ ಮಣ್ಣಿನ ಗುಡ್ಡೆ ಪಕ್ಕ ಕೂತು ಅದರ ಮೇಲೆ ಕೈಯಿಟ್ಟಳು.

"ಮುಖ ಎಂಗಿತ್ಲಾ ಮಗ?" ಎಂದಳು.

"ನಿದ್ದೆ ಮಾಡ್ದಂಗಿತ್ತು ಕಣತ್ತೆ" ಎಂದ ಅವನು.

ಸಂಜೆ ಬಸ್ಸು ಗುರುಪುರ ದಾಟುವಾಗ ಕಾರು ರಸ್ತೆಬದಿಯಲ್ಲಿ ಹಾಗೇ ನಿಂತಿತ್ತು. ನಾಳೆ ಎಳೆಸಿಕೊಂಡು ಬಂದು ಬೇರೆ ಎಂಜಿನ್ನೇ ಹಾಕಿಸಿಬಿಡ್ತೀನಿ ಎಂದರು ಯಜಮಾನರು, ಸಮಾಧಾನ ಮಾಡುವವರಂತೆ.

"ಹಾಕ್ಸಿ. ಅದ್ರಲ್ಲಿ ಅವ್ವ ಇನ್ನ ಯಾರ ಮುಖ ನೋಡಕ್ಕೆ ಹೋಗ್ಬೇಕು?" ಎಂದೆ.